ಪೈನ್ ಹಲಗೆಯಲ್ಲಿ ದುಂಡು ತೂತು ಕಂಡಿತೇ? ಹೀಗೆ ನೋಡಿ

ಸರಕು ಸಾಗಿಸುವ ಹಳೇ ಮರದ ಅಟ್ಟಣೆ, ಅಂದರೆ ಪ್ಯಾಲೆಟ್ ಬಿಚ್ಚಿ ಶೆಲ್ಫು, ಟೀಪಾಯಿ ಮಾಡಿಕೊಳ್ಳುವವರು ಈಗ ಸಾಕಷ್ಟಿದ್ದಾರೆ. ಹಲಗೆ ಉಜ್ಜುವಾಗ ತೂತು ಕಂಡರೆ 'ಕುಟ್ಟೆ ಹಿಡಿದಿದೆ' ಅಂತ ಸುಮ್ನೆ ಎಸೆಯಬೇಡಿ. ಅದು ಮರ ಕೊರೆಯುವ ಕಣಜದ್ದಿರಬಹುದು.

ಮೊದಲು ಸ್ಕೇಲ್ ಹಿಡಿದು ಅಳೆಯಿರಿ. ಕಣಜದ ತೂತು ಡ್ರಿಲ್ ಹಾಕಿದಷ್ಟು ದುಂಡಗೆ, ಸುಮಾರು 3ರಿಂದ 8 ಮಿ.ಮೀ. ಇರುತ್ತದೆ. ನಮ್ಮ ತೊಲೆ, ಬಿದಿರು ಕೊರೆಯುವ ಕಪ್ಪು ದುಂಬಿಯ ತೂತು ಇದಕ್ಕಿಂತ ದೊಡ್ಡದು.

ಆಮೇಲೆ ಆ ಜಾಗದಲ್ಲಿ ಅಡ್ಡ ಕೊಯ್ಯಿರಿ. ಒಳಗಿನ ಸುರಂಗದಲ್ಲಿ ಹುಡಿ ಗಿಡಿದು ತುಂಬಿರುತ್ತದೆ, ತಟ್ಟಿದರೂ ಸುಲಭಕ್ಕೆ ಉದುರುವುದಿಲ್ಲ. ಕುಟ್ಟೆಯಾದರೆ ನೆಲದ ಮೇಲೆ ಹಿಟ್ಟು ಬಿದ್ದಿರುತ್ತದೆ.

ಈ ತೂತು ಹುಳ ಒಳಗೆ ಹೋದದ್ದಲ್ಲ, ಹೊರಗೆ ಬಂದದ್ದು. ಹೆಣ್ಣು ಕಣಜ ಕಾಡಿನಲ್ಲೇ ಪೈನ್ ಮರಕ್ಕೆ ಸೂಜಿಯಂಥ ಅಂಗ ಚುಚ್ಚಿ ಮೊಟ್ಟೆ ಇಡುತ್ತದೆ. ಸೈರೆಕ್ಸ್ ನಾಕ್ಟಿಲಿಯೊ ಎಂಬ ಕುಖ್ಯಾತ ಜಾತಿ ಅದರ ಜೊತೆಗೆ ವಿಷದ ಲೋಳೆ, ಶಿಲೀಂಧ್ರ ಎರಡನ್ನೂ ಬಿಡುತ್ತದೆ. ಎರಡೂ ಸೇರಿ ಮರವನ್ನು ಒಣಗಿಸುತ್ತವೆ. ತವರಾದ ಯುರೋಪಿನಲ್ಲಿ ಇದರ ಕಾಟ ಕಡಿಮೆ. ಆದರೆ ಆಗ್ನೇಯ ಆಸ್ಟ್ರೇಲಿಯಾದ ಪೈನ್ ತೋಪುಗಳಲ್ಲಿ 1987ರಿಂದ 1989ರ ನಡುವೆ ಸುಮಾರು 50 ಲಕ್ಷ ಮರ ಕೊಂದಿತು. ಒತ್ತಾಗಿ ಬೆಳೆದು ಸೊರಗಿದ ಮರಗಳೇ ಇದಕ್ಕೆ ಸುಲಭದ ತುತ್ತು. ಅಲ್ಲಿ ಇದಕ್ಕೆ ಮದ್ದು ಒಂದು ಸೂಕ್ಷ್ಮ ದುಂಡುಹುಳು. ಅದು ಹೆಣ್ಣು ಕಣಜದ ಮೊಟ್ಟೆಯೊಳಗೇ ತುಂಬಿಕೊಳ್ಳುತ್ತದೆ. ಕಣಜ ಮರಿಯ ಬದಲು ಹುಳುವನ್ನೇ ಹೊಸ ಮರಕ್ಕೆ ಹೊತ್ತೊಯ್ಯುತ್ತದೆ. ಎಂಥ ಉಪಾಯ, ಅಲ್ವಾ?

ಒಣಗಿದ ಹಲಗೆಗೆ ಈ ಕಣಜ ಮತ್ತೆ ಮೊಟ್ಟೆ ಇಡುವುದಿಲ್ಲ. ಹಾಗಾಗಿ ಸ್ಪ್ರೇ ದಂಡ. ಬದಲಿಗೆ ಪ್ಯಾಲೆಟ್‌ನ ಬದಿಯಲ್ಲಿ ಗೋಧಿ ತೆನೆಯ ಮುದ್ರೆ ಹುಡುಕಿ. ಹುಳ ಸಾಯಲು ಮರಕ್ಕೆ ಏನು ಮಾಡಿದ್ದಾರೆ ಎಂದು ಅದು ಹೇಳುತ್ತದೆ. 'ಎಚ್‌ಟಿ' ಎಂದಿದ್ದರೆ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಇಟ್ಟ ಮರ. 'ಎಂಬಿ' ಎಂದರೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟದ್ದು. ಅಂಥದ್ದನ್ನು ನಾನಂತೂ ಮನೆಯೊಳಗೆ ತರುವುದಿಲ್ಲ.

ತೂತಿನ ಹಲಗೆಯನ್ನು ಭಾರ ಹೊರುವ ಕಡೆ ಹಾಕಬೇಡಿ. ಹಿಂಬದಿಗೆ ಸಾಕು. ಮೇಣ, ಮರದ ಪುಟ್ಟಿ ತುಂಬಿ ಉಜ್ಜಿದರೆ ತೂತು ಮಾಯ.

ಮುದ್ರೆಯೇ ಇಲ್ಲದ ಮರದಿಂದ ಜೀವಂತ ಕಣಜ ಹೊರಬಂದರೆ? ಕುಟುಕುವುದಿಲ್ಲ, ಹೆದರಬೇಡಿ. ಕಿಟಕಿಯಿಂದ ಮಾತ್ರ ಬಿಡಬೇಡಿ. ಬಾಟಲಿಯಲ್ಲಿ ಹಿಡಿದು ಫ್ರೀಜರ್‌ನಲ್ಲಿಟ್ಟು, ಸಸ್ಯ ಸಂಗರೋಧ (ಪ್ಲಾಂಟ್ ಕ್ವಾರಂಟೈನ್) ಕೇಂದ್ರಕ್ಕೆ ತಿಳಿಸಿ. ಹಲಗೆ ಎಲ್ಲಿಂದ ತಂದಿರಿ ಎನ್ನುವುದನ್ನೂ ಬರೆದಿಟ್ಟುಕೊಳ್ಳಿ, ಅವರು ಮೊದಲು ಕೇಳುವುದೇ ಅದನ್ನು.