ಹಳೇ ಕಾರಿನ ತೂಗಾಟ ನಿಲ್ಲಿಸುವ ಬಗೆ

ಹಂಪ್ ದಾಟಿದ ಮೇಲೂ ಕಾರು ಎರಡು ಮೂರು ಸಲ ತೂಗುತ್ತಿದೆಯೇ? ಬ್ರೇಕ್ ಒತ್ತಿದರೆ ಮೂತಿ ತಗ್ಗಿಸುತ್ತಿದೆಯೇ? ಎಲ್ಲರೂ ಮೊದಲು ಬೈಯುವುದು ಸ್ಪ್ರಿಂಗನ್ನು. ಆದರೆ ಹೆಚ್ಚಾಗಿ ಸೋತಿರುವುದು ಶಾಕ್ ಅಬ್ಸಾರ್ಬರ್. ಸ್ಪ್ರಿಂಗ್ ಭಾರ ಹೊರುತ್ತದೆ, ಅದರ ಕುಣಿತಕ್ಕೆ ಕಡಿವಾಣ ಹಾಕುವುದು ಶಾಕ್. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗುವಾಗ ಹುಟ್ಟುವ ತಡೆಯೇ ಆ ಕಡಿವಾಣ.

ಮೊದಲು ಟೈರ್ ತಣ್ಣಗಿರುವಾಗ ಗಾಳಿ ನೋಡಿ. ಇದಕ್ಕೆ ಖರ್ಚಿಲ್ಲ, ಕೆಲವೊಮ್ಮೆ ಅರ್ಧ ಕಾಯಿಲೆ ಇಲ್ಲೇ ವಾಸಿ.

ಆಮೇಲೆ ಕಾರಿನ ಒಂದೊಂದೇ ಮೂಲೆಯನ್ನು ಬಲವಾಗಿ ಒತ್ತಿ ಬಿಡಿ. ಒಮ್ಮೆ ಮೇಲೆದ್ದು ನಿಲ್ಲಬೇಕು. ತೂಗುತ್ತಲೇ ಇದ್ದರೆ ಶಾಕ್ ಸತ್ತಿದೆ. ಅರ್ಧ ಸವೆದದ್ದು ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ, ಹಾಗಾಗಿ ಬಗ್ಗಿ ನೋಡಿ: ತೆಳುವಾದ ಎಣ್ಣೆ ಪಸೆ ಪರವಾಗಿಲ್ಲ, ಒದ್ದೆಯಾಗಿ ಇಳಿಯುತ್ತಿದ್ದರೆ ಬದಲಿಸಿ. ಚಕ್ರದ ನಡುವಿನಿಂದ ಫೆಂಡರ್ (ಮಡ್ಗಾರ್ಡ್) ಅಂಚಿನವರೆಗೆ ಎಡಬಲ ಅಳೆಯಿರಿ. ಎತ್ತರ ಕುಸಿದಿದ್ದರೆ ಮಾತ್ರ ಸ್ಪ್ರಿಂಗ್ ಮೇಲೆ ಅನುಮಾನಪಡಿ. ಲೋವರ್ ಆರ್ಮ್ ಬುಷ್ (ಚಕ್ರ ಹಿಡಿದ ತೋಳಿನ ಕೀಲಿನ ರಬ್ಬರ್), ಲಿಂಕ್ ರಾಡ್‌ಗಳನ್ನೂ (ವಾಲಾಟ ತಡೆಯುವ ಸರಳಿನ ಕೊಂಡಿಗಳು) ಅಲ್ಲಾಡಿಸಿ ನೋಡಿ.

ಶಾಕ್‌ಗಳನ್ನು ಜೋಡಿಯಾಗಿಯೇ ಹಾಕಿ: ಮುಂದಿನವೆರಡು ಅಥವಾ ಹಿಂದಿನವೆರಡು. ಸ್ಟ್ರಟ್ ಮೌಂಟ್ (ಸ್ಪ್ರಿಂಗ್, ಶಾಕ್ ಒಂದಾಗಿ ಸೇರಿದ ಸ್ಟ್ರಟ್‌ನ ಮೇಲಿನ ಹಿಡಿ), ಬಂಪ್ ಸ್ಟಾಪರ್ (ಶಾಕ್ ಪೂರ್ತಿ ಒತ್ತಿದಾಗ ಏಟು ತಡೆಯುವ ರಬ್ಬರ್), ಧೂಳಿನ ಕವರ್ ಸಹ ಹೊಸದಿರಲಿ, ಇಲ್ಲದಿದ್ದರೆ ಹೊಸ ಶಾಕ್‌ಗೆ ಹಳೇ ಸದ್ದು ಅಂಟಿಕೊಳ್ಳುತ್ತದೆ. ಗ್ಯಾಸ್ ಇಲ್ಲದ ಎಣ್ಣೆಯ ಶಾಕ್ ಆದರೆ ಕೂರಿಸುವ ಮೊದಲು ನೆಟ್ಟಗೆ ಹಿಡಿದು ಕೆಲವು ಸಲ ಪೂರ್ತಿ ಎಳೆದು ಒತ್ತಿ. ಸಿಲುಕಿದ ಗಾಳಿ ಹೋಗುತ್ತದೆ. ಶಾಕ್‌ನ ರಾಡನ್ನು ಇಕ್ಕಳದಲ್ಲಿ ಹಿಡಿಯಬೇಡಿ, ಗೀರು ಬಿದ್ದರೆ ಸೀಲ್ ಹರಿಯುತ್ತದೆ. ಸ್ಟ್ರಟ್‌ನ ಸ್ಪ್ರಿಂಗ್ ಬಿಚ್ಚುವ ಕೆಲಸ ಮಾತ್ರ ಮೆಕ್ಯಾನಿಕ್‌ಗೇ ಬಿಡಿ. ಒತ್ತಿಹಿಡಿದ ಸ್ಪ್ರಿಂಗ್ ಜಾರಿದರೆ ಮೂಳೆ ಮುರಿಯುತ್ತದೆ.

ಅನೇಕ ಗ್ಯಾರೇಜುಗಳಲ್ಲೂ ತಪ್ಪುವ ಒಂದು ಸಂಗತಿ: ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ಜಾಕ್ ಮೇಲಿದ್ದಾಗಲೇ ಪೂರ್ತಿ ಬಿಗಿದುಬಿಡುತ್ತಾರೆ. ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಬೇಗ ಹರಿಯುತ್ತದೆ. ಚಕ್ರಗಳ ಮೇಲೆ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ. ನಂತರ ವೀಲ್ ಅಲೈನ್‌ಮೆಂಟ್.

ಇಷ್ಟಾದ ಮೇಲೂ ತಿರುವಿನಲ್ಲಿ ವಾಲಿದರೆ ದಪ್ಪನೆಯ ಆ್ಯಂಟಿ ರೋಲ್ ಬಾರ್ (ಎಡಬಲ ಚಕ್ರಗಳನ್ನು ಬೆಸೆದು ವಾಲಾಟ ತಡೆಯುವ ಸರಳು) ಯೋಚಿಸಬಹುದು. ಬಿಗಿತ ವ್ಯಾಸದ ನಾಲ್ಕನೇ ಘಾತದಂತೆ ಏರುವುದರಿಂದ 20 ಮಿ.ಮೀ. ಬದಲು 22 ಮಿ.ಮೀ. ಹಾಕಿದರೇ ಸುಮಾರು ಒಂದೂವರೆ ಪಟ್ಟು ಬಿಗಿ. ಸ್ಪ್ರಿಂಗ್ ಸುರುಳಿಯನ್ನು ಕತ್ತರಿಸಿ ಕಾರು ತಗ್ಗಿಸುವ ಉಪಾಯ ಯಾರಾದರೂ ಹೇಳಿದರೆ ಕೀ ತೆಗೆದುಕೊಂಡು ಹೊರಟುಬಿಡಿ.