ಕೊನೆಯ ಬಾಟಲಿ ಲಸಿಕೆ

ನಾನು ಪಶುವೈದ್ಯ. ಉತ್ತರ ಕೆನ್ಯಾದ ಬರಗೋಯಿ ಸುತ್ತ ಸ್ವಲ್ಪ ಕಾಲ ಕೆಲಸ ಮಾಡಿದೆ. ಅಲ್ಲಿ ಸಂಬುರು, ತುರ್ಕಾನಾ ಎರಡೂ ಬುಡಕಟ್ಟಿನ ಜನ ಇದ್ದಾರೆ. ಇಬ್ಬರದೂ ದನ, ಮೇಕೆ, ಒಂಟೆ ನಂಬಿದ ಬದುಕು. ಮಳೆ ಕೈಕೊಟ್ಟರೆ ಹುಲ್ಲಿಗೂ ನೀರಿಗೂ ಜಗಳ. ದನ ಹೊಡೆದುಕೊಂಡು ಹೋಗುವುದು ಹಿಂದಿನಿಂದಲೂ ಇತ್ತು. ಈಟಿಯ ಜಾಗಕ್ಕೆ ಬಂದೂಕು ಬಂದ ಮೇಲೆ ಸಾವು ಜಾಸ್ತಿಯಾಯಿತು. 2012ರ ನವೆಂಬರ್‌ನಲ್ಲಿ, ಕದ್ದ ದನ ಬಿಡಿಸಲು ಹೋದ 40ಕ್ಕೂ ಹೆಚ್ಚು ಪೊಲೀಸರೇ ಅಲ್ಲಿ ಸತ್ತರು.

ಮೊದಲ ಲಸಿಕೆ ಶಿಬಿರದಲ್ಲೇ ನಾನು ತಪ್ಪು ಮಾಡಿದೆ. ಜೀಪು ನಿಲ್ಲಿಸಲು ಅನುಕೂಲ ಅಂತ ಸಂಬುರು ಕಡೆ ಇಟ್ಟೆ. ತುರ್ಕಾನಾದವರು ಒಬ್ಬರೂ ಬರಲಿಲ್ಲ. ನಾನು ಅವರ ಪಾಲಿಗೆ ಆಗಲೇ ಒಂದು ಪಕ್ಷದವನಾಗಿದ್ದೆ.

ಆಮೇಲೆ ಸಂತೆಯ ಹೆಂಗಸರ ಹತ್ತಿರ ಹೋದೆ. ಇದು ನನ್ನ ಸ್ವಂತ ಬುದ್ಧಿಯಲ್ಲ. 1990ರ ದಶಕದ ಶುರುವಿನಲ್ಲಿ ಅದೇ ದೇಶದ ವಜೀರ್‌ನಲ್ಲಿ ಸೋಮಾಲಿ ಕುಲಗಳ ನಡುವೆ ಹೊಡೆದಾಟವಾಗುತ್ತಿದ್ದಾಗ ದೇಖಾ ಇಬ್ರಾಹಿಂ ಅಬ್ದಿ ಎಂಬ ಹೆಂಗಸು ಮತ್ತು ಆಕೆಯ ಜೊತೆಗಾರ್ತಿಯರು ಮಾರುಕಟ್ಟೆಯಿಂದಲೇ ಕೆಲಸ ಶುರುಮಾಡಿದ್ದರು. ಯಾವ ಕುಲದವಳೇ ಆಗಲಿ, ಅಲ್ಲಿ ಕೊಳ್ಳಬಹುದು, ಮಾರಬಹುದು. ಅಷ್ಟೇ ಮೊದಲ ಒಪ್ಪಂದ.

ನಾನು ಶಾಂತಿಯ ಮಾತೇ ಎತ್ತಲಿಲ್ಲ. ಮೇಕೆಗಳಿಗೆ ಬರುವ ಪಿಪಿಆರ್ ಎಂಬ ಅಂಟುರೋಗದ ಬಗ್ಗೆ ಮಾತಾಡಿದೆ, ನಮ್ಮ ಕಡೆ ಹಿರೇಬೇನೆ ಅಂತಾರಲ್ಲ, ಅದು. ಎರಡೂ ಹಿಂಡು ಒಣಹಳ್ಳದ ಒಂದೇ ಒರತೆಯಲ್ಲಿ ನೀರು ಕುಡಿಯುತ್ತವೆ. ಒಂದಕ್ಕೆ ಮಾತ್ರ ಲಸಿಕೆ ಹಾಕಿದರೆ ಬೇನೆ ಉಳಿದೇ ಉಳಿಯುತ್ತದೆ. ಹೆಂಗಸರಿಗೆ ತಕ್ಷಣ ಅರ್ಥವಾಯಿತು. ಮನೆಯ ಹಿರಿಯರನ್ನು ಒಪ್ಪಿಸಿದವರು ಅವರೇ.

ಒರತೆಯ ಹತ್ತಿರ ಎರಡು ಸಾಲು ಮಾಡಿದೆವು. ಇಬ್ಬರ ಮಾತಿಗೂ ಒಬ್ಬೊಬ್ಬ ದುಭಾಷಿ. ಸಂಜೆ ಹೊತ್ತಿಗೆ ಒಂದೇ ಬಾಟಲಿ ಉಳಿಯಿತು. ಅದರಲ್ಲಿ 100 ಡೋಸ್. ಒಮ್ಮೆ ಬೆರೆಸಿದರೆ ಬೇಗ ಮುಗಿಸಬೇಕು, ಇಟ್ಟರೆ ಕೆಡುತ್ತದೆ. ತುರ್ಕಾನಾ ಸಾಲಿನಲ್ಲಿ ಉಳಿದದ್ದು 30 ಮೇಕೆ. ಸಂಬುರು ಸಾಲಿನಲ್ಲಿ ತುಂಬಾ ಇದ್ದವು, ಹಿಡಿಯುವ ಹುಡುಗರು ಸುಸ್ತಾಗಿದ್ದರು. ತುರ್ಕಾನಾ ಹುಡುಗನೊಬ್ಬ ಏನೂ ಹೇಳದೆ ಆ ಸಾಲಿಗೆ ಹೋಗಿ ಒಂದು ಮೇಕೆಯ ಕಾಲು ಹಿಡಿದ. ಆಮೇಲೆ ಇನ್ನೊಬ್ಬ ಹೋದ. ಹಿರಿಯರು ನೋಡುತ್ತಾ ನಿಂತರು, ತಡೆಯಲಿಲ್ಲ. ನನ್ನ ಕೈ ನಡುಗುತ್ತಿತ್ತು.

ಕಳ್ಳತನ ಅಲ್ಲಿಗೇ ನಿಲ್ಲಲಿಲ್ಲ. ಕೆಲವು ವಾರಗಳ ನಂತರ ರಾತ್ರಿ ಒಂಬತ್ತು ಮೇಕೆ ಕಾಣೆಯಾದವು. ಈ ಸಲ ಯಾರೂ ಬಂದೂಕು ಎತ್ತಿಕೊಳ್ಳಲಿಲ್ಲ. ಸಂತೆಯ ಹೆಂಗಸೊಬ್ಬಳು ಆ ಕಡೆಯ ಗೆಳತಿಗೆ ಫೋನ್ ಮಾಡಿದಳು. ಕಿವಿಯ ಗುರುತು ನೋಡಿ ಏಳನ್ನು ವಾಪಸ್ ತಂದುಕೊಟ್ಟರು. ಉಳಿದ ಎರಡಕ್ಕೆ ಏನು ಕೊಡಬೇಕು ಅಂತ ಮರದಡಿ ಕೂತು ಮಧ್ಯಾಹ್ನದವರೆಗೂ ಚೌಕಾಸಿ ಮಾಡಿದರು.