ಓಣಿ ಸುತ್ತಲು ಒಂದು ಸೈಕಲ್: ಕೊಳ್ಳುವುದು ಹೇಗೆ?

ಹಾಲು ತರಲು, ಲೈಬ್ರರಿಗೆ ಹೋಗಿಬರಲು, ಸಂಜೆ ಪಾರ್ಕಿನ ಸುತ್ತ ಎರಡು ರೌಂಡು ಹೊಡೆಯಲು ಒಂದು ಸೈಕಲ್ ಬೇಕು. ಹತ್ತು ಸಾವಿರ ರೂಪಾಯಿ ದಾಟಬಾರದು. ಹೀಗೆ ಲೆಕ್ಕ ಹಾಕಿ ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಹಿಂದೆ ಮುಂದೆ ಶಾಕ್, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್, 21 ಗೇರ್ ಇರುವ ಥಳಥಳ ಸೈಕಲ್. ಬೆಲೆಯೂ ನಮ್ಮ ಲೆಕ್ಕಕ್ಕೆ ಹತ್ತಿರವೇ ಇರುತ್ತದೆ. ಎಚ್ಚರ ಬೇಕಾಗಿರುವುದು ಇಲ್ಲೇ. ಅದೇ ದುಡ್ಡಿನಲ್ಲಿ ಅಷ್ಟೊಂದು ಭಾಗ ಕೊಡಬೇಕಾದರೆ ಒಂದೊಂದು ಭಾಗವೂ ಅಗ್ಗದ್ದೇ ಆಗಿರಬೇಕು, ಅಲ್ವಾ? ಬಜೆಟ್ ಸಣ್ಣದಿದ್ದಷ್ಟೂ ಸೈಕಲ್ ಸರಳವಾಗಿರಲಿ. ಕಡಿಮೆ ಭಾಗ, ಗಟ್ಟಿ ಭಾಗ. ಮುಂದೆ ಹೇಳುವ ಎಲ್ಲದರ ಹಿಂದೆಯೂ ಇದೇ ಲೆಕ್ಕವಿದೆ.

ಮೊದಲು ನಿಮ್ಮ ರಸ್ತೆ ನೋಡಿ

ಅಂಗಡಿಗೆ ಹೋಗುವ ಮೊದಲು, ದಿನಾ ಓಡಾಡುವ ದಾರಿಯಲ್ಲಿ ಒಮ್ಮೆ ನಡೆದು ಬನ್ನಿ. ರಾಯಚೂರು, ಕಲಬುರಗಿ ಕಡೆಯ ಸಪಾಟು ರಸ್ತೆಗೆ ಗೇರೇ ಬೇಡ. ಬೆಂಗಳೂರು, ಮೈಸೂರಿನ ಹೆಚ್ಚಿನ ಬಡಾವಣೆಗಳಲ್ಲೂ ಗೇರಿಲ್ಲದೆ ಆರಾಮಾಗಿ ಓಡಾಡಬಹುದು. ಸಣ್ಣ ಏರು ಬಂದರೆ ಇಳಿದು ತಳ್ಳಿದರಾಯಿತು. ಮಂಗಳೂರು, ಮಡಿಕೇರಿಯಂಥ ಏರಿಳಿತದ ಊರಲ್ಲಿ ಮಾತ್ರ ಗೇರ್ ಬೇಕೇ ಬೇಕು. ಅಲ್ಲಿಗೂ ಹಿಂದಿನ ಚಕ್ರಕ್ಕೆ ಮಾತ್ರ ಆರೋ ಏಳೋ ಗೇರ್ ಇರುವುದನ್ನು ಹುಡುಕಿ. 21 ಗೇರ್ ಎಂದರೆ ಹಲ್ಲಿನ ಚಕ್ರ ಮುಂದೆ ಮೂರು, ಹಿಂದೆ ಏಳು. ಮುಂದಿನ ಮೂರರಲ್ಲಿ ಎರಡನ್ನು ಓಣಿಯಲ್ಲಿ ಓಡಾಡುವವರು ಮುಟ್ಟುವುದೇ ಕಡಿಮೆ. ಆದರೆ ಅದರ ಕೇಬಲ್ ಸಡಿಲವಾದಾಗ ಚೈನು ಕಳಚುವುದು ಮಾತ್ರ ತಪ್ಪುವುದಿಲ್ಲ.

ಗೇರಿಲ್ಲದ ಸೈಕಲ್ಲಿನ ಇನ್ನೊಂದು ಲಾಭ ಚೈನ್ ಕವರ್. ಚೈನು ಪೂರ್ತಿ ಮುಚ್ಚಿರುವ ಸೈಕಲ್ಲಿನಲ್ಲಿ ಪಂಚೆ, ಚೂಡಿದಾರ್, ಪ್ಯಾಂಟು ಯಾವುದಕ್ಕೂ ಗ್ರೀಸ್ ಹತ್ತುವುದಿಲ್ಲ. ಮನೆಬಟ್ಟೆಯಲ್ಲೇ ಅಂಗಡಿಗೆ ಹೋಗಿಬರುವವರಿಗೆ ಇದು ದೊಡ್ಡ ಅನುಕೂಲ.

ಬೇಡ ಅನ್ನಬೇಕಾದದ್ದು

ಹಿಂದಿನ ಶಾಕ್ ಬೇಡ. ಈ ಬೆಲೆಯಲ್ಲಿ ಸಿಗುವುದು ಬರೀ ಭಾರದ ಸ್ಪ್ರಿಂಗು. ನೀವು ತುಳಿದ ಬಲದಲ್ಲಿ ಒಂದಷ್ಟನ್ನು ಅದೇ ನುಂಗಿಬಿಡುತ್ತದೆ. ಮುಂದಿನ ಶಾಕ್ ಕೂಡ ಇಲ್ಲದಿದ್ದರೇ ಒಳ್ಳೆಯದು. ನಮ್ಮ ಗುಂಡಿ, ಹಂಪುಗಳಿಗೆ ಅಗಲದ ಟೈರೇ ಸಾಕು: 1.75ರಿಂದ 2.1 ಇಂಚು. ಟೈರಿನ ಮಧ್ಯಭಾಗ ಹೆಚ್ಚುಕಡಿಮೆ ನುಣುಪಾಗಿರಲಿ. ದಪ್ಪ ಗುಬುಟುಗಳ ಟೈರು ಡಾಂಬರಿನ ಮೇಲೆ ಗುಂಯ್ ಅನ್ನುತ್ತದೆ, ತುಳಿಯಲೂ ಭಾರ.

ಡಿಸ್ಕ್ ಬ್ರೇಕ್ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕು. ಮಳೆಯಲ್ಲಿ ಅದು ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಅಗ್ಗದ ಡಿಸ್ಕಿನ ತಟ್ಟೆ ಬೇಗ ಬಾಗುತ್ತದೆ, ಚಕ್ರ ತಿರುಗಿದಾಗಲೆಲ್ಲ ಉಜ್ಜುತ್ತದೆ. ಓಣಿಯ ಪಂಕ್ಚರ್ ಅಂಗಡಿಯಲ್ಲಿ ಅದನ್ನು ಸರಿ ಮಾಡುವವರು ಸಿಗುವುದೂ ಕಷ್ಟ. ರಿಮ್ ಹಿಡಿಯುವ ಬ್ರೇಕಿನ ರಬ್ಬರ್ ಎಲ್ಲ ಕಡೆ ಸಿಗುತ್ತದೆ, ಹತ್ತು ನಿಮಿಷದಲ್ಲಿ ಬದಲಾಯಿಸಬಹುದು. ಆದರೆ ರಿಮ್ ಅಲ್ಯುಮಿನಿಯಂದೇ ಆಗಿರಲಿ. ಹೊಳೆಯುವ ಕ್ರೋಮಿನ ಸ್ಟೀಲ್ ರಿಮ್ ಒದ್ದೆಯಾದರೆ ಬ್ರೇಕು ಜಾರುತ್ತದೆ, ಸೈಕಲ್ ತುಂಬಾ ದೂರ ಹೋಗಿ ನಿಲ್ಲುತ್ತದೆ. ಗೊತ್ತು ಮಾಡುವುದು ಸುಲಭ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ರಿಮ್‌ಗೆ ತಾಗಿಸಿ. ಅಂಟಿದರೆ ಸ್ಟೀಲ್.

ಕರಾವಳಿಯವರು, ಮಲೆನಾಡಿನವರು ಮಡ್‌ಗಾರ್ಡ್ ಇಲ್ಲದ ಸೈಕಲ್ ತರಲೇಬೇಡಿ. ಉಪ್ಪುಗಾಳಿಗೆ, ಮಳೆಗೆ ಚೈನು ಬೇಗ ತುಕ್ಕು ಹಿಡಿಯುತ್ತದೆ. ಎಣ್ಣೆಯ ಸಣ್ಣ ಡಬ್ಬಿಯೂ ಜೊತೆಗೇ ಬರಲಿ.

ಅಳತೆ: ಇಲ್ಲಿ ಆತುರ ಬೇಡ

"26 ಇಂಚಿನ ಸೈಕಲ್ ಕೊಡಿ" ಎಂದು ಕೇಳುತ್ತೇವೆ. ಅದು ಚಕ್ರದ ಅಳತೆ. ನಿಮ್ಮ ಮೈಗೆ ಒಗ್ಗಬೇಕಾದದ್ದು ಫ್ರೇಮು. ಒಂದೇ 26 ಇಂಚಿನ ಚಕ್ರಕ್ಕೆ ಕುಳ್ಳಗಿರುವವರಿಗೆ ಹೊಂದುವ ಫ್ರೇಮೂ ಬರುತ್ತದೆ, ಎತ್ತರದವರಿಗೆ ಹೊಂದುವುದೂ ಬರುತ್ತದೆ. ಹಾಗಾಗಿ ನಂಬರು ಬಿಡಿ, ಹತ್ತಿ ನೋಡಿ.

ಮೊದಲು ಸೀಟಿನ ಮುಂದೆ, ಅಡ್ಡ ಪೈಪಿನ ಎರಡೂ ಬದಿಗೆ ಕಾಲಿಟ್ಟು ನಿಲ್ಲಿ. ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು, ಪೈಪು ತೊಡೆಸಂದಿಗೆ ತಾಗಬಾರದು. ಎರಡು ಮೂರು ಬೆರಳಿನಷ್ಟಾದರೂ ಜಾಗ ಇರಲಿ. ಆಮೇಲೆ ಯಾರಿಗಾದರೂ ಸೈಕಲ್ ಹಿಡಿದುಕೊಳ್ಳಲು ಹೇಳಿ ಸೀಟಿನ ಮೇಲೆ ಕೂತುಕೊಳ್ಳಿ. ಪೆಡಲ್ ತೀರಾ ಕೆಳಗೆ ಇರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಹಾಗಿದ್ದರೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸು ಮಡಚಿರುತ್ತದೆ, ಸರಿಯಾದ ಎತ್ತರ ಅದೇ. ಬಹಳ ಜನ ಸೀಟು ತಗ್ಗಿಸಿಕೊಂಡು ತುಳಿಯುತ್ತಾರೆ, ಆಮೇಲೆ ಮಂಡಿ ನೋವು ಅನ್ನುತ್ತಾರೆ. ಸೀಟು ಏರಿಸುವಾಗ ಅದರ ಕಂಬಿಯ ಮೇಲೆ ಕೊರೆದ ಮಿತಿಯ ಗೆರೆ ಹೊರಗೆ ಕಾಣಬಾರದು. ಕಂಡರೆ ಫ್ರೇಮು ನಿಮಗೆ ಚಿಕ್ಕದು ಎಂದರ್ಥ.

ಬಹಳ ವರ್ಷದ ಮೇಲೆ ಮತ್ತೆ ಸೈಕಲ್ ಹತ್ತುವವರು, ಸೀರೆ ಉಡುವವರು, ಮಂಡಿ ನೋವಿರುವ ಹಿರಿಯರು ಅಡ್ಡ ಪೈಪಿಲ್ಲದ ಲೇಡೀಸ್ ಸೈಕಲ್ ಅನ್ನೇ ತೆಗೆದುಕೊಳ್ಳಿ. ಹೆಸರು ಲೇಡೀಸ್ ಎಂದಿದ್ದರೂ ಗಂಡಸರು ಸಂಕೋಚ ಪಡಬೇಕಾಗಿಲ್ಲ. ಸಿಗ್ನಲ್ಲಿನಲ್ಲಿ, ಹಂಪಿನಲ್ಲಿ ಕಾಲು ತಟ್ಟನೆ ನೆಲಕ್ಕೆ ಸಿಗುವುದು ಎಲ್ಲರಿಗೂ ಬೇಕಾದದ್ದೇ.

ಹೊಸದೋ, ಹಳೆಯದೋ?

ಹೀರೋ, ಹರ್ಕ್ಯುಲಿಸ್, ಬಿಎಸ್‌ಎ, ಏವನ್ ಕಂಪನಿಗಳ ಗೇರಿಲ್ಲದ ಸಾದಾ ಸೈಕಲ್‌ಗಳು ಸುಮಾರು ಐದರಿಂದ ಒಂಬತ್ತು ಸಾವಿರದೊಳಗೆ ಸಿಗುತ್ತವೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಎಷ್ಟು ಹಾಕಿದ್ದಾರೆ ನೋಡಿಕೊಳ್ಳಿ.

ದುಡ್ಡು ಇನ್ನೂ ಉಳಿಸಬೇಕಾದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಹೋಗಿ. ಗಾಳಿ ಹೋದ, ಧೂಳು ಕೂತ ಸೈಕಲ್‌ಗಳು ಸಾಲಾಗಿ ನಿಂತಿರುತ್ತವೆ. ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಮಾತು ಕೇಳಿದರೆ ಕೊಡುವವರು ಸಿಕ್ಕೇ ಸಿಗುತ್ತಾರೆ. ಧೂಳಿಗೆ ಹೆದರಬೇಡಿ. ಟೈರು, ಟ್ಯೂಬು, ಚೈನು, ಬ್ರೇಕಿನ ರಬ್ಬರ್ ಹೋಗಿದ್ದರೂ ಬದಲಾಯಿಸಬಹುದು. ಅದರ ಖರ್ಚನ್ನು ಬೆಲೆಯಲ್ಲಿ ಕಳೆದು ಕೇಳಿ. ಹೆದರಬೇಕಾದದ್ದು ಬೇರೆಯದಕ್ಕೆ.

ಹ್ಯಾಂಡಲ್ ಕೆಳಗೆ, ಎರಡು ಪೈಪು ಸೇರುವ ಕಡೆ ಬೆರಳು ಆಡಿಸಿ. ಬಣ್ಣ ಬಿರಿದಿದ್ದರೆ, ಸುಕ್ಕು ಬಿದ್ದಂತಿದ್ದರೆ ಆ ಸೈಕಲ್ ಎಲ್ಲೋ ಗುದ್ದಿದೆ. ಪುಕ್ಕಟೆ ಕೊಟ್ಟರೂ ಬೇಡ. ಸೀಟಿನ ಬೋಲ್ಟು ಸಡಿಲಿಸಿ ಮೇಲೆ ಕೆಳಗೆ ಮಾಡಿ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ನಿಮ್ಮ ಎತ್ತರಕ್ಕೆ ಹೊಂದಿಸಲು ಆಗುವುದಿಲ್ಲ. ಚಕ್ರವನ್ನು ನೆಲದಿಂದ ಎತ್ತಿ ತಿರುಗಿಸಿ, ಬ್ರೇಕಿನ ರಬ್ಬರಿಗೂ ರಿಮ್‌ಗೂ ನಡುವಿನ ಸಂದಿಯನ್ನೇ ದಿಟ್ಟಿಸಿ. ಸಂದಿ ಒಂದೇ ಸಮ ಇದ್ದರೆ ಚಕ್ರ ನೆಟ್ಟಗಿದೆ. ಸ್ವಲ್ಪ ಓಲಾಡಿದರೆ ಕಡ್ಡಿ ಬಿಗಿ ಮಾಡಿ ಬೆಂಡು ತೆಗೆಸಬಹುದು. ಜಾಸ್ತಿ ಓಲಾಡಿದರೆ ರಿಮ್ಮೇ ಹೋಗಿದೆ. ಕೊನೆಗೆ ಪೆಡಲಿನ ತೋಳನ್ನು ಹಿಡಿದು ನಿಮ್ಮ ಕಡೆಗೊಮ್ಮೆ, ಆಚೆಗೊಮ್ಮೆ ಎಳೆದು ನೋಡಿ. ಅಲುಗಾಡಿದರೆ ಬೇರಿಂಗ್ ರಿಪೇರಿಯ ಖರ್ಚು ಇದೆ.

ಅಜ್ಜನ ಕಾಲದ ಕಪ್ಪು ಸೈಕಲ್ ಸಿಕ್ಕರೂ ಬಿಡಬೇಡಿ. ಇಂಥ ಸೈಕಲ್ ಮಾಡುತ್ತಿದ್ದ ಅಟ್ಲಾಸ್ ಕಂಪನಿಯ, ದೆಹಲಿ ಬಳಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್‌ನಲ್ಲಿ ನಿಂತುಹೋಯಿತು. ಆದರೂ ಈ ಮಾದರಿಯ ಸೈಕಲ್‌ಗಳ ಬಿಡಿಭಾಗ ಒಂದರದ್ದು ಇನ್ನೊಂದಕ್ಕೆ ಹೊಂದುವುದರಿಂದ ರಿಪೇರಿಗೆ ತೊಂದರೆಯಿಲ್ಲ. ಭಾರ ಇದೆ, ಆದರೆ ಸಪಾಟು ರಸ್ತೆಯಲ್ಲಿ ಬೆನ್ನು ನೆಟ್ಟಗೆ ಇಟ್ಟುಕೊಂಡು ಆರಾಮಾಗಿ ಹೋಗಬಹುದು.

ಜೋಡಿಸುವಾಗ ಪಕ್ಕದಲ್ಲೇ ನಿಲ್ಲಿ

ಆನ್‌ಲೈನ್‌ನಲ್ಲಿ ತರಿಸಿದರೆ ಸೈಕಲ್ ಅರ್ಧಂಬರ್ಧ ಜೋಡಿಸಿದ ಸ್ಥಿತಿಯಲ್ಲಿ ಡಬ್ಬದಲ್ಲಿ ಬರುತ್ತದೆ. ಉಳಿದ ಕೆಲಸ ನಮ್ಮದು. ಕೈಗೆ ಅಭ್ಯಾಸ ಇಲ್ಲದಿದ್ದರೆ ಹತ್ತಿರದ ಸೈಕಲ್ ಅಂಗಡಿಯವರಿಗೆ ಕೂಲಿ ಕೊಟ್ಟು ಮಾಡಿಸಿ. ಓಣಿಯ ಅಂಗಡಿಯಲ್ಲೇ ಸೈಕಲ್ ಕೊಂಡರೆ ಇನ್ನೂ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇನ್ನೂರು ಮುನ್ನೂರು ರೂಪಾಯಿ ಜಾಸ್ತಿಯಾದರೂ ನಾಳೆ ಬ್ರೇಕು ಸಡಿಲವಾದಾಗ ನೋಡಿಕೊಡುವವರು ಅವರೇ.

ಮನೆಯಲ್ಲೇ ಜೋಡಿಸುವವರು ಪೆಡಲ್ ವಿಷಯದಲ್ಲಿ ಹುಷಾರಾಗಿರಬೇಕು. ಪೆಡಲ್ ಕಡ್ಡಿಯ ತುದಿಯಲ್ಲಿ ಎಲ್, ಆರ್ ಎಂದು ಒತ್ತಿರುತ್ತಾರೆ. ಎಲ್ ಎಡಕ್ಕೆ, ಆರ್ ಬಲಕ್ಕೆ. ಎಡ ಪೆಡಲಿನ ಮರೆ, ಅಂದರೆ ಸ್ಕ್ರೂವಿನ ಸುತ್ತುಗೆರೆ, ಉಲ್ಟಾ ಇರುತ್ತದೆ. ಎಲ್ಲ ಸ್ಕ್ರೂ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಇದನ್ನು ಎಡಕ್ಕೆ ತಿರುಗಿಸಬೇಕು. ಮೊದಲ ನಾಲ್ಕು ಸುತ್ತು ಬೆರಳಲ್ಲೇ ತಿರುಗಬೇಕು. ಸ್ಪ್ಯಾನರ್ ಹಾಕಿ ಬಲವಂತ ಮಾಡಿದರೆ ಪೆಡಲಿನ ತೋಳಿನ ಮರೆಯೇ ಕೆಟ್ಟುಹೋಗುತ್ತದೆ.

ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕು ಹಿಂದುಮುಂದಾಗಿ ಕೂರುವುದು ಇನ್ನೊಂದು ಸಾಮಾನ್ಯ ತಪ್ಪು. ಬಾಗಿದ ಫೋರ್ಕಾದರೆ ಅದರ ತುದಿ ಮುಂದಕ್ಕೆ ಚಾಚಿರಬೇಕು. ಆಮೇಲೆ ಮುಂದಿನ ಚಕ್ರವನ್ನು ಎರಡು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿ. ಚಕ್ರ ಅಲುಗದೆ ಹ್ಯಾಂಡಲ್ ಮಾತ್ರ ತಿರುಗಿದರೆ ಬೋಲ್ಟು ಬಿಗಿಯಾಗಿಲ್ಲ. ಮುಂದಿನ ಬ್ರೇಕು ಒತ್ತಿ ಸೈಕಲ್ಲನ್ನು ಮುಂದಕ್ಕೆ ತಳ್ಳಿ. ಚಕ್ರ ತಿರುಗಬಾರದು, ಬ್ರೇಕಿನ ಹಿಡಿ ಹ್ಯಾಂಡಲ್‌ಗೆ ತಾಗಲೂಬಾರದು.

ಗಾಳಿ ಎಷ್ಟು ಹಾಕಬೇಕು ಎಂದು ಟೈರಿನ ಬದಿಯಲ್ಲೇ ಬರೆದಿರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಹಾಕಿಸುವುದಾದರೆ ಟ್ಯೂಬು ಚಿಕ್ಕದಾದ್ದರಿಂದ ಕ್ಷಣದಲ್ಲಿ ತುಂಬುತ್ತದೆ, ಸ್ವಲ್ಪ ಸ್ವಲ್ಪವೇ ಹಾಕಿಸಿ. ಮನೆಯಲ್ಲಿ ಒಂದು ಪಂಪು ಇದ್ದರೆ ಅದೇ ಮೇಲು.

ಉಳಿಸಿದ ದುಡ್ಡಿನಲ್ಲಿ ಬೆಲ್ಲು, ಹಿಂದೆ ಮಿನುಗುವ ಕೆಂಪು ಲೈಟು, ಹೆಲ್ಮೆಟ್ಟು, ಗಟ್ಟಿಯಾದ ಬೀಗ ತೆಗೆದುಕೊಳ್ಳಿ. ಬರೀ ಚಕ್ರಕ್ಕೆ ಬೀಗ ಹಾಕಿದರೆ ಸೈಕಲ್ಲನ್ನು ಹಾಗೇ ಎತ್ತಿಕೊಂಡು ಹೋಗುತ್ತಾರೆ, ಫ್ರೇಮನ್ನೂ ಸೇರಿಸಿ ಕಂಬಕ್ಕೋ ಗೇಟಿಗೋ ಕಟ್ಟಿ. ಪೆಡಲಿನ ಅಚ್ಚಿನ ಕೆಳಗೆ, ಇಲ್ಲವೇ ಸೀಟಿನ ಪೈಪಿನ ಮೇಲೆ ಫ್ರೇಮ್ ನಂಬರ್ ಕೊರೆದಿರುತ್ತದೆ. ಅದರ ಫೋಟೊ ತೆಗೆದು ಬಿಲ್ಲಿನ ಜೊತೆ ಇಟ್ಟುಕೊಳ್ಳಿ, ಕಳುವಾದರೆ ಪೊಲೀಸರು ಮೊದಲು ಕೇಳುವುದು ಅದನ್ನೇ. ಹೊಸ ಸೈಕಲ್ಲಿನ ಕೇಬಲ್, ಕಡ್ಡಿಗಳು ಮೊದಲ ಕೆಲವು ವಾರದಲ್ಲಿ ಸಡಿಲವಾಗುವುದು ಸಹಜ. ತಿಂಗಳು ತುಂಬುವ ಹೊತ್ತಿಗೆ ಅದೇ ಅಂಗಡಿಗೆ ಒಯ್ದು ಇನ್ನೊಮ್ಮೆ ಬಿಗಿ ಮಾಡಿಸಿ.